ಹೊಸ್ತಿಲಿಗಿಂತ ಎತ್ತರವಾದ ಓಣಿ

ಪುರಸಭೆಯ ಮುಖ್ಯಾಧಿಕಾರಿಗಳೇ,

ಹಿಂದಿನ ಏಳು ಅರ್ಜಿಗಳಲ್ಲಿ ತಮ್ಮನ್ನು ‘ಮಾನ್ಯರೇ’ ಎಂದು ಕರೆದಿದ್ದೆ. ಆರಕ್ಕೆ ಉತ್ತರ ಬರಲಿಲ್ಲ. ಏಳನೆಯದಕ್ಕೆ ಬಂದ ಉತ್ತರ ಬಾರದೇ ಇದ್ದಿದ್ದರೆ ಚೆನ್ನಾಗಿತ್ತು. ಆದ್ದರಿಂದ ಈ ಎಂಟನೆಯದನ್ನು ಊರಿನವರೂ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ. ಮಾನ್ಯತೆಯ ವಿಚಾರ ಸದ್ಯಕ್ಕೆ ಬದಿಗಿರಲಿ.

ದೂರು ಇಷ್ಟು. ತರಕಾರಿ ಮಾರುಕಟ್ಟೆಯ ಹಿಂದಿನ ನಮ್ಮ ಓಣಿಗೆ ನಿಮ್ಮ ಕಚೇರಿ ನಾಲ್ಕು ಸಲ ಡಾಂಬರು ಹಾಕಿಸಿದೆ. ನಾಲ್ಕು ಸಲವೂ ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಸುರಿದಿದೆ. ಈಗ ಓಣಿ ಮನೆಗಳ ಹೊಸ್ತಿಲಿಗಿಂತ ಎತ್ತರಕ್ಕೆ ಬಂದಿದೆ. ಮಳೆನೀರು ಇಳಿದುಹೋಗಬೇಕಾದ ಕಬ್ಬಿಣದ ಜಾಲರಿ ಡಾಂಬರಿನಡಿ ಹೂತುಹೋಗಿದೆ. ನಾಲ್ಕು ತಿಂಗಳ ಹಿಂದೆ ಸುರಿದ ಮಳೆಯಲ್ಲಿ, ಕಣ್ಣು ಕಾಣದ ನನ್ನ ಅಕ್ಕ ನಮ್ಮ ಮನೆಯೊಳಗೆ ಎರಡೂವರೆ ಗಂಟೆ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದಳು. ಈಗ ಅವಳು ಮನೆಯಲ್ಲಿಲ್ಲ. ಓಣಿ ಇಳಿಯುವ ತನಕ ಬರುವ ಹಾಗೂ ಇಲ್ಲ. ಹೀಗಿರುವಾಗ, ಬರುವ ತಿಂಗಳು ಮೂರನೇ ತಾರೀಖಿನಿಂದ ಐದನೆಯ ಪದರ ಹಾಕಲಾಗುವುದು ಎಂಬ ನೋಟಿಸನ್ನು ನೀವು ನನ್ನ ಕಿಟಕಿಯ ಪಕ್ಕದ ಗೋಡೆಗೇ ಅಂಟಿಸಿ ಹೋಗಿದ್ದೀರಿ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಪತ್ರದಲ್ಲಿ ಸಿಟ್ಟು ಕಾಣಿಸದಿದ್ದರೆ ಅದನ್ನು ತೃಪ್ತಿ ಎಂದು ದಾಖಲಿಸಿಕೊಳ್ಳಬೇಡಿ. ಪಕ್ಕದ ಕ್ಷೌರದಂಗಡಿಯವರು ನನ್ನ ಮೇಲೆಯೇ ಸಿಟ್ಟಾಗಿದ್ದಾರೆ. “ನಿಮ್ ಜಾಗದಲ್ಲಿ ನಾನಿದ್ದಿದ್ರೆ ಆ ಕಚೇರಿ ಮುಂದೆ ಕೂತು ಬೊಬ್ಬೆ ಹೊಡೀತಿದ್ದೆ. ನೀವು ನೋಡಿದ್ರೆ ಕಲ್ಲಿನ ಹಾಗೆ ಕೂತಿದೀರ” ಎಂದರು. ನಾನೂ ಪ್ರಯತ್ನಪಟ್ಟೆ, ಬೊಬ್ಬೆ ಬರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲು ಜೋಮು ಹಿಡಿಯುತ್ತದಲ್ಲ, ಒಳಗೆ ಎಲ್ಲವೂ ಹಾಗೆ ಆಗಿದೆ. ಬೆಳಿಗ್ಗೆ ಏಳುತ್ತೇನೆ, ಅಂಟು ಕಲಸುತ್ತೇನೆ, ರಟ್ಟು ಕತ್ತರಿಸುತ್ತೇನೆ, ಗೋಡೆಯಲ್ಲಿ ತೇವದ ಗೆರೆ ಎಷ್ಟು ಇಳಿದಿದೆ ಎಂದು ನೋಡುತ್ತೇನೆ. ಯಾರಾದರೂ ಅಕ್ಕ ಹೇಗಿದ್ದಾಳೆ ಎಂದು ಕೇಳಿದರೆ ಚೆನ್ನಾಗಿದ್ದಾಳೆ ಎನ್ನುತ್ತೇನೆ. ಅಳು ಬಂದರೆ ಒಳ್ಳೆಯದು ಎಂದು ವೈದ್ಯರು ಹೇಳಿದ್ದಾರೆ, ಅದೂ ಬಂದಿಲ್ಲ.

ನಾನು ಯಾರು ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ, ಆದರೆ ನಿಮ್ಮ ಬೆನ್ನ ಹಿಂದಿನ ಕಪಾಟಿಗೆ ಗೊತ್ತು. ನಾನು ಪುಸ್ತಕ ಕಟ್ಟುವವಳು. ನಿಮ್ಮ ಕಚೇರಿಯ ಜನನದ ಪುಸ್ತಕ, ಮರಣದ ಪುಸ್ತಕ, ನಲ್ಲಿಯ ಪುಸ್ತಕ, ದೂರಿನ ಪುಸ್ತಕ, ಎಲ್ಲವೂ ನಲವತ್ತು ವರ್ಷದಿಂದ ನಮ್ಮ ಮನೆಯಲ್ಲಿ ರಟ್ಟು ಹಾಕಿಸಿಕೊಂಡು ಹೋಗಿವೆ. ಮೊದಲು ಅಪ್ಪ ಕಟ್ಟುತ್ತಿದ್ದರು, ಆಮೇಲೆ ಅಕ್ಕ ಮತ್ತು ನಾನು. ಓಣಿಯವರು ನನ್ನನ್ನು ರಟ್ಟಮ್ಮ ಎನ್ನುತ್ತಾರೆ. ಅಂಚು ಕತ್ತರಿಸುವುದು, ರಟ್ಟು ಮೆತ್ತುವುದು ನನ್ನ ಕೆಲಸ. ಹಾಳೆ ಹೊಲಿಯುವುದು ಅಕ್ಕನದು. ಮೂವತ್ತನಾಲ್ಕನೇ ವಯಸ್ಸಿಗೆ ಅವಳ ಕಣ್ಣು ಪೂರ್ತಿ ಹೋಯಿತು. ಹೊಲಿಗೆ ನಿಲ್ಲಲಿಲ್ಲ. ಸೂಜಿಗೆ ದಾರ ಪೋಣಿಸುವುದೊಂದನ್ನು ನನಗೆ ಬಿಟ್ಟುಕೊಟ್ಟಳು, ಎರಡು ವರ್ಷದಲ್ಲಿ ಅದನ್ನೂ ವಾಪಸು ತೆಗೆದುಕೊಂಡಳು. ಹಾಳೆ ತಲೆಕೆಳಗಾಗಿದ್ದರೆ, ಬರೆದವರ ಪೆನ್ನು ಒತ್ತಿದ ಗುರುತನ್ನು ಬೆರಳಲ್ಲಿ ಸವರಿ, “ಲೇ, ಇದನ್ನ ಉಲ್ಟಾ ಇಟ್ಟಿದೀಯ, ನಿನಗೆ ಕಣ್ಣಿಲ್ವಾ?” ಎಂದು ನನ್ನನ್ನೇ ಕೇಳುತ್ತಿದ್ದಳು.

ಅಪ್ಪ ನಮಗೆ ಕೆಲಸ ಕಲಿಸುವ ಮೊದಲು ಕಲಿಸಿದ್ದು ಒಂದು ಕಟ್ಟಳೆ. “ಜನ ನಮ್ಮ ಕೈಗೆ ಕಾಗದ ಕೊಡೋದು ಕಟ್ಟೋಕೆ, ಓದೋಕಲ್ಲ. ಪುಟದ ಸಂಖ್ಯೆ ನೋಡಿ, ಅಕ್ಷರ ನೋಡ್ಬೇಡಿ. ಊರಿನವರ ಗುಟ್ಟೆಲ್ಲ ನಮ್ಮ ಮೇಜಿನ ಮೇಲೆ ಬಿದ್ದಿರುತ್ತೆ, ಓದಿದ ದಿನ ನಮ್ಮ ಕೆಲಸ ಹೋಯ್ತು ಅಂತ ತಿಳ್ಕೊಳ್ಳಿ” ಎನ್ನುತ್ತಿದ್ದರು. ಅಕ್ಕನಿಗೆ ಈ ಕಟ್ಟಳೆ ಪಾಲಿಸುವುದು ಮುಂದೆ ಸುಲಭವಾಯಿತು. ನನಗೆ ಅಭ್ಯಾಸವಾಯಿತು. ಅಕ್ಷರ ಕಂಡರೂ ಕಾಣದ ಹಾಗೆ ಹಾಳೆ ಮಗುಚುವುದು ನನಗೆ ಎಷ್ಟು ರೂಢಿಯಾಗಿದೆ ಎಂದರೆ, ಔಷಧದ ಚೀಟಿಯನ್ನೂ ಎರಡು ಸಲ ನೋಡಿದ ಮೇಲೆಯೇ ಓದುವುದು ನೆನಪಾಗುತ್ತದೆ. ನಿಮ್ಮ ದೂರಿನ ಪುಸ್ತಕಕ್ಕೆ ಸೇರಿದ ನನ್ನ ಅರ್ಜಿಗಳನ್ನೂ ನಾನೇ ಕಟ್ಟಿದ್ದೇನೆ, ಒಂದನ್ನೂ ತಿರುಗಿ ಓದಿಲ್ಲ. ಈ ವಿಷಯಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮೊದಲು ಓಣಿಯ ಮಾತು. ನಾವು ಚಿಕ್ಕವರಿದ್ದಾಗ ಓಣಿಯಿಂದ ಮನೆಗೆ ಎರಡು ಮೆಟ್ಟಿಲು ಹತ್ತಬೇಕಿತ್ತು. ಆ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೆ ನನ್ನ ಪಾದ ನೆಲಕ್ಕೆ ತಾಗುತ್ತಿರಲಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದು ಬಲಕ್ಕೆ ಎರಡು ಮೆಟ್ಟಿಲು ಇಳಿದರೆ ಕೆಲಸದ ಕೋಣೆ, ಅಲ್ಲಿ ಗಟ್ಟಿ ನೆಲದ ಮೇಲೆ ಅಪ್ಪ ಕತ್ತರಿಸುವ ಯಂತ್ರ ನಿಲ್ಲಿಸಿದ್ದರು. ನೀವು ಮೊದಲ ಪದರ ಹಾಕಿದಾಗ ಸಂತೋಷಪಟ್ಟೆವು, ಧೂಳು ಕಡಿಮೆಯಾಯಿತು. ಎರಡನೆಯದಕ್ಕೆ ಒಂದು ಮೆಟ್ಟಿಲು ಮುಳುಗಿತು. ಮೂರನೆಯದಕ್ಕೆ ಇನ್ನೊಂದು. ನಾಲ್ಕನೆಯ ಪದರ ಬಿದ್ದ ಮೇಲೆ ಮನೆಗೆ ಹತ್ತುವ ಅಭ್ಯಾಸ ಬಿಟ್ಟು ಇಳಿಯುವ ಅಭ್ಯಾಸ ಮಾಡಿಕೊಂಡೆವು. ಹೋದ ವರ್ಷ ನೀರಿನ ಕೊಳವೆಗೆಂದು ನಿಮ್ಮವರು ಓಣಿ ಅಗೆದಾಗ ಪದರಗಳೆಲ್ಲ ಸಾಲಾಗಿ ಕಂಡವು. ನನ್ನ ಉಕ್ಕಿನ ಅಳತೆಪಟ್ಟಿ ತಂದು ಅಳೆದೆ. ಒಟ್ಟು ಎರಡು ಗೇಣಿಗೆ ಎರಡು ಬೆರಳು ಕಡಿಮೆ. ಕ್ಷೌರದಂಗಡಿಯವರು ಬಾಗಿಲಲ್ಲಿ ನಿಂತು, “ಮೊದಲು ನಮ್ಮ ಕನ್ನಡೀಲಿ ಓಣೀಲಿ ಹೋಗೋರ ಮುಖ ಕಾಣ್ತಿತ್ತು. ಈಗ ಚಪ್ಪಲಿ ಕಾಣುತ್ತೆ. ಇನ್ನೊಂದು ಸಲ ಡಾಂಬರು ಹಾಕ್ಲಿ, ಅಂಗಡಿಗೆ ಏಣಿ ಇಟ್ಟು ಗಿರಾಕಿನ ಇಳಿಸ್ಕೋತೀನಿ” ಎಂದರು. ಎಲ್ಲರೂ ನಕ್ಕೆವು. ಆಗಿನ್ನೂ ನಗು ಬರುತ್ತಿತ್ತು.

ನನ್ನ ಏಳನೆಯ ಅರ್ಜಿಗೆ ನೀವು ಕೊಟ್ಟ ಉತ್ತರ ನನ್ನ ಮುಂದಿದೆ. ‘ಸದರಿ ಮನೆಯು ತಗ್ಗು ಪ್ರದೇಶದಲ್ಲಿದ್ದು, ಅದರೊಳಗೆ ಪ್ರವೇಶಿಸಿತೆನ್ನಲಾದ ನೀರು ಮಳೆಯಿಂದ ಉಂಟಾದದ್ದಾಗಿರುತ್ತದೆ. ಮಳೆಯು ಈ ಕಚೇರಿಯ ವ್ಯಾಪ್ತಿಗೆ ಒಳಪಡುವುದಿಲ್ಲ. ಸ್ವಂತ ಸ್ವತ್ತನ್ನು ನೀರಿನಿಂದ ಕಾಪಾಡಿಕೊಳ್ಳುವುದು ಮಾಲೀಕರ ಹೊಣೆಯಾಗಿರುತ್ತದೆ.’ ಮಳೆಯನ್ನು ನೀವು ಸುರಿಸಿದಿರಿ ಎಂದು ನಾನೆಲ್ಲಿ ಹೇಳಿದೆ? ನಿಮ್ಮ ಕಚೇರಿಯ ಮೇಲೆ ಅಷ್ಟು ದೊಡ್ಡ ನಂಬಿಕೆ ನನಗಿಲ್ಲ. ಬಿದ್ದ ಮಳೆ ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ನನ್ನ ಪ್ರಶ್ನೆ. ಓಣಿ ನಿಮ್ಮದು, ಡಾಂಬರು ನಿಮ್ಮದು, ಜಾಲರಿ ನಿಮ್ಮದು, ಅದರ ಕೆಳಗಿನ ಮೋರಿ ನಿಮ್ಮದು. ಆ ಎಲ್ಲದರ ಮೇಲೆ ಹರಿದ ನೀರು ನನ್ನ ಹೊಸ್ತಿಲು ದಾಟಿದ ಕೂಡಲೇ ನನ್ನ ಸ್ವಂತ ಸ್ವತ್ತಾಗುತ್ತದೆಯೇ? ಮನೆ ತಗ್ಗಿನಲ್ಲಿದೆಯಂತೆ. ಕಟ್ಟಿದ ದಿನದಿಂದ ಮನೆ ಇದ್ದಲ್ಲೇ ಇದೆ. ಮೇಲೆ ಬಂದದ್ದು ಓಣಿ.

ಆ ಉತ್ತರಕ್ಕೆ ಮುಂಚೆ ನಿಮ್ಮ ಮೇಲ್ವಿಚಾರಕರೊಬ್ಬರು ಬಂದಿದ್ದರು. ಕೈಯಲ್ಲಿ ನಕ್ಷೆ ಇತ್ತು. ನಕ್ಷೆಯ ಪ್ರಕಾರ ಜಾಲರಿ ನಮ್ಮ ಬಾಗಿಲಿನಿಂದ ಹದಿನಾಲ್ಕು ಹೆಜ್ಜೆಗೆ ಇರಬೇಕು. ಅವರು ಹದಿನಾಲ್ಕು ಹೆಜ್ಜೆ ಹಾಕಿದರು, ಸುತ್ತ ನೋಡಿದರು, ಮತ್ತೊಮ್ಮೆ ಬೇರೆ ದಿಕ್ಕಿನಿಂದ ಹದಿನಾಲ್ಕು ಹೆಜ್ಜೆ ಹಾಕಿದರು. “ನೀವು ನಿಂತಿರೋದೇ ಅದರ ಮೇಲೆ ಸ್ವಾಮಿ, ಎರಡು ಗೇಣು ಕೆಳಗಿದೆ ಅಷ್ಟೇ” ಎಂದೆ. “ಹಾಗೆಲ್ಲ ಬರೆಯೋಕೆ ಬರಲ್ಲಮ್ಮ, ಕಂಡಿದ್ದನ್ನ ಮಾತ್ರ ಬರೀಬೇಕು” ಎಂದರು. ಜಾಲರಿ ಕಾಣಿಸಲಿಲ್ಲ, ಆದ್ದರಿಂದ ಜಾಲರಿ ಕಟ್ಟಿಕೊಂಡಿರುವುದು ಕಂಡುಬಂದಿಲ್ಲ ಎಂದು ಬರೆದುಕೊಂಡು, ನಾನು ಕೊಟ್ಟ ಚಹಾ ಕುಡಿದು ಹೋದರು. ಒಳ್ಳೆಯ ಮನುಷ್ಯ, ಲೋಟವನ್ನು ತಾವೇ ತೊಳೆದಿಟ್ಟರು.

ಈಗ ಆ ಮಧ್ಯಾಹ್ನದ ಮಾತು. ಇದನ್ನು ಹೇಳುವಾಗ ಬೇರೆ ಯಾರದೋ ಮನೆಯ ಸುದ್ದಿ ಹೇಳುತ್ತಿರುವಂತೆ ಅನಿಸುತ್ತದೆ, ಕ್ಷಮಿಸಿ. ನಾನು ರಟ್ಟಿಗೆ ಹೊದಿಸುವ ಬಟ್ಟೆ ತರಲು ಊರಿನ ಆ ತುದಿಗೆ ಹೋಗಿದ್ದೆ. ಮೂರು ಗಂಟೆಗೆ ಹಿಡಿದ ಮಳೆ ಮುಕ್ಕಾಲು ಗಂಟೆ ಹುಯ್ದು ನಿಂತಿತು. ಮಳೆ ನಿಂತರೂ ನೀರು ನಿಲ್ಲಲಿಲ್ಲ. ಮಾರುಕಟ್ಟೆಯ ಇಳಿಜಾರಿನ ನೀರೆಲ್ಲ ಓಣಿಗೆ ಬಂದು, ಇಳಿಯಲು ಜಾಲರಿ ಇಲ್ಲದೆ, ಇದ್ದ ದಾರಿ ಹಿಡಿಯಿತು. ಅಕ್ಕ ಕೆಲಸದ ಕೋಣೆಯಲ್ಲಿ ಹೊಲಿಗೆಯ ಚೌಕಟ್ಟಿನ ಮುಂದೆ ಕೂತಿದ್ದಳು. ಸದ್ದು ಕೇಳಿ, ನಾನು ನಲ್ಲಿ ಬಿಟ್ಟುಹೋಗಿದ್ದೇನೆ ಅಂದುಕೊಂಡು ನನ್ನನ್ನು ಬೈಯುತ್ತಾ ಎದ್ದಳಂತೆ. ಪಾದಕ್ಕೆ ತಣ್ಣಗೆ ತಾಗಿದಾಗ ಬಾಗಿಲಿಗೆ ಹೋದಳು. ಅದು ಹೊರಕ್ಕೆ ತೆರೆಯುವ, ಓಣಿಗೆ ತಾಗದಿರಲೆಂದು ಕೆಳಗಂಚು ಕೊಯ್ಯಿಸಿದ್ದ ಬಾಗಿಲು, ಹೊರಗಿನ ನೀರು ಅದನ್ನು ಒತ್ತಿ ಹಿಡಿದಿತ್ತು. ಸಂದಿನಿಂದ, ಕೆಳಗಿನಿಂದ ನೀರು ಒಳಗೆ ಬರುತ್ತಲೇ ಇತ್ತು. ಕೂಗಿದಳು. ಆ ಹೊತ್ತಿಗೆ ಓಣಿಯಲ್ಲಿ ಎಲ್ಲರೂ ಕೂಗುತ್ತಿದ್ದರು.

ಕೆಲಸದ ಕೋಣೆಯ ಕೆಳಗಿನ ಕಪಾಟಿನಲ್ಲಿ ನಿಮ್ಮ ದೂರು ಪುಸ್ತಕದ ಒಂಬತ್ತು ಸಂಪುಟಗಳಿದ್ದವು. ಬೆನ್ನು ಸಡಿಲವಾಗಿವೆ, ಹೊಸ ಬೆನ್ನು ಹಾಕಿಕೊಡಿ ಎಂದು ನೀವೇ ಕಳಿಸಿದ್ದಿರಿ. ಬೇರೆ ಯಾರೇ ಆದರೂ ಅವನ್ನು ಬಿಟ್ಟು ಒಳಮನೆಗೆ ಓಡಿ ಅಟ್ಟ ಹತ್ತುತ್ತಿದ್ದರು. ಅಕ್ಕ ತಿರುಗಿ ಕೋಣೆಗೇ ಇಳಿದಳು. ಒಂದೊಂದೇ ಸಂಪುಟ ತಡವಿ ತೆಗೆದು ಕತ್ತರಿಸುವ ಯಂತ್ರದ ಮೇಲೆ ಒಟ್ಟಿದಳು. ಅಲ್ಲಿ ಆರು ಹಿಡಿದವು. ಉಳಿದ ಮೂರನ್ನು ಎದೆಗೆ ಅವಚಿಕೊಂಡಳು. ಆ ಹೊತ್ತಿಗೆ ಮೇಜು ತೇಲಿ ಸರಿದಿತ್ತು, ಸ್ಟೂಲು ಎಲ್ಲಿಗೋ ಹೋಗಿತ್ತು, ಮೆಟ್ಟಿಲು ಯಾವ ಕಡೆ ಎಂಬುದು ತಪ್ಪಿಹೋಗಿತ್ತು. ಇಪ್ಪತ್ತೈದು ವರ್ಷ ಕಣ್ಣಿಲ್ಲದೆ ಓಡಾಡಿದ ಕೋಣೆ ಹತ್ತು ನಿಮಿಷದಲ್ಲಿ ಅವಳಿಗೆ ಗೊತ್ತಿಲ್ಲದ ಜಾಗವಾಯಿತು. ಯಂತ್ರಕ್ಕೆ ಬೆನ್ನು ಕೊಟ್ಟು ನಿಂತುಬಿಟ್ಟಳು. ನಾನೂ ಕ್ಷೌರದಂಗಡಿಯವರೂ ಸೇರಿ ಬಾಗಿಲು ಮುರಿದು ಒಳಗೆ ಹೋದಾಗ ಆರು ಗಂಟೆಯಾಗಿತ್ತು. ತುಟಿ ನೀಲಿಗಟ್ಟಿತ್ತು. ತೋಳಿನಲ್ಲಿ ಎರಡೇ ಸಂಪುಟಗಳಿದ್ದವು.

“ಒಂದು ಜಾರಿ ಬಿದ್ದೋಯ್ತು ಕಣೇ” ಎಂದಳು. “ಯಾವ್ದು ಅಂತ ಗೊತ್ತಾಗ್ಲಿಲ್ಲ. ಕಾಲಲ್ಲಿ ಹುಡುಕಿದೆ, ಸಿಗ್ಲಿಲ್ಲ.”

“ಹಾಳಾಗ್ಲಿ ಬಿಡೇ ಅದು” ಎಂದೆ.

“ಹಾಗನ್ಬೇಡ. ಜನರ ದೂರು ಅದು” ಎಂದಳು.

ಹನ್ನೊಂದು ದಿನ ಜ್ವರ. ಎದೆಯಲ್ಲಿ ನೀರು ತುಂಬಿತು. ಬದುಕಿದಳು. ಆಮೇಲೆ ತಮ್ಮ ಬಂದು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಅದು ಬೇರೆ ಊರು, ಮೂರನೇ ಮಹಡಿ, ಒಣ ಗೋಡೆ. “ಓಣಿ ಇಳಿಸೋ ತನಕ ನಾನು ಕಳ್ಸಲ್ಲ. ಇನ್ನೊಂದು ಸಲ ಹೀಗಾದ್ರೆ ಉಳಿಯಲ್ಲ ಅಂತ ಡಾಕ್ಟ್ರೇ ಹೇಳಿದಾರೆ” ಎಂದ. ಅವನು ಹೇಳಿದ್ದು ಸರಿ. ಅವನ ಹೆಂಡತಿಯೂ ಅಕ್ಕನನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾಳೆ. ಅಲ್ಲಿ ಅವಳಿಗೆ ಯಾವ ಕೊರತೆಯೂ ಇಲ್ಲ, ಕೈಗೆ ಕೆಲಸ ಒಂದಿಲ್ಲ. ಹಳೆಯ ವರ್ತಮಾನಪತ್ರಿಕೆ ಮಡಿಸಿ ಮಡಿಸಿ ಇಡುತ್ತಾಳಂತೆ. ಹೊಲಿಯಲು ದಾರ ಕೇಳಿದಳಂತೆ. ಬಟ್ಟೆ ಹೊಲಿಯುವ ದಾರ ಕೊಟ್ಟರೆ, ಬೆರಳಲ್ಲಿ ಮುಟ್ಟಿ ನೋಡಿ, “ಇದರಲ್ಲಿ ಏನು ನಿಲ್ಲುತ್ತೆ” ಎಂದು ವಾಪಸು ಕೊಟ್ಟಳಂತೆ.

ಇತ್ತ ನನಗೆ ನಿಮ್ಮ ಕಚೇರಿಯಿಂದ ನಾಲ್ಕು ಮರಳಿನ ಚೀಲ ಬಂದವು, ಮಳೆಗಾಲ ಮುಗಿದ ಮೇಲೆ ಹಿಂದಿರುಗಿಸತಕ್ಕದ್ದು ಎಂಬ ಚೀಟಿಯ ಜೊತೆ. ಅದರ ಬೆನ್ನಿಗೇ ಒಂದು ನೋಟಿಸು ಬಂತು. ‘ಸರ್ಕಾರಿ ದಾಖಲೆಯಾದ ಒಂದು ಸಂಪುಟವನ್ನು ನೀರು ನುಗ್ಗುವ ಸ್ಥಳವೆಂದು ತಿಳಿದೂ ಅಲ್ಲಿರಿಸಿ ಹಾಳುಗೆಡವಿದ ಬಗ್ಗೆ ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು.’ ಹನ್ನೊಂದು ವರ್ಷದಿಂದ ನನ್ನ ಮನೆಗೆ ನೀರು ನುಗ್ಗುತ್ತದೆ ಎಂದು ನಾನು ಬರೆಯುತ್ತಿದ್ದೇನೆ, ನೀವು ಒಪ್ಪಿರಲಿಲ್ಲ. ಈ ನೋಟಿಸಿನಲ್ಲಿ ಒಪ್ಪಿದ್ದೀರಿ. ಧನ್ಯವಾದ. ಹೊಣೆ ನಿಮ್ಮ ಕಡೆ ಬಂದಾಗ ನೀರಿರಲಿಲ್ಲ, ನನ್ನ ಕಡೆ ಬಂದಾಗ ನೀರಿತ್ತು, ಅಷ್ಟೇ ತಾನೇ? ಎರಡೂವರೆ ಗಂಟೆ ಎಂಟು ಸಂಪುಟಗಳನ್ನು ಕಾಪಾಡಿದವಳ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಇದನ್ನು ಓದಿದಾಗಲಾದರೂ ಸಿಟ್ಟು ಬರಬೇಕಿತ್ತು. ನಾನು ಅದನ್ನು ಮಡಿಸಿ, ಅಂಟಿನ ಹಿಟ್ಟು ತೂಗುವ ತಕ್ಕಡಿಯ ಕೆಳಗೆ ಇಟ್ಟೆ.

ನೆನೆದ ಪುಸ್ತಕವನ್ನು ಹಾಗೇ ಬಿಟ್ಟರೆ ಮೂರು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಉಳಿದ ಎಂಟಕ್ಕೂ ತೇವ ತಾಗಿತ್ತು. ಅಕ್ಕ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಬೆಳಗಿನ ಹೊತ್ತು ಮನೆಗೆ ಬಂದು, ಒಂದೊಂದರ ಬೆನ್ನು ಬಿಚ್ಚಿ ಹಾಳೆಗಳನ್ನು ಹಗ್ಗದ ಮೇಲೆ ಒಣಗಿಸಿದೆ. ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಪುಸ್ತಕದ ಅಂಚು ಕತ್ತರಿಸಿದಾಗ ಉದ್ದನೆಯ ಕಾಗದದ ಪಟ್ಟಿಗಳು ಉಳಿಯುತ್ತವೆ. ನಿಮ್ಮ ಕಾಗದ ದಪ್ಪ, ಗಟ್ಟಿ, ಎಸೆಯಲು ಮನಸ್ಸು ಬಾರದಂಥದ್ದು. ಅಕ್ಕ ಆ ಪಟ್ಟಿಗಳನ್ನೇ ಪುಸ್ತಕದ ಬೆನ್ನಿಗೆ ಒಳಗಿನಿಂದ ಮೂರು ನಾಲ್ಕು ಪದರ ಅಂಟಿಸಿ ಬಿಗಿ ಮಾಡುತ್ತಿದ್ದಳು. ಅಪ್ಪನೂ ಹಾಗೆಯೇ ಮಾಡುತ್ತಿದ್ದರು. ಐದನೆಯ ಸಂಪುಟದ ಬೆನ್ನು ಬಿಚ್ಚಿದಾಗ ಅಂಟು ಕರಗಿ ಒಂದು ಪಟ್ಟಿ ತಾನಾಗಿ ಕೈಗೆ ಬಂತು. ಅದರ ಮೇಲೆ ನೀಲಿ ಶಾಯಿಯ ಬರಹ. ಯಾರೋ ಪುಟವನ್ನು ಅಡ್ಡ ತಿರುಗಿಸಿ, ಅಂಚಿನ ಉದ್ದಕ್ಕೂ ಬರೆದದ್ದು. ಹಾಗಾಗಿ ಒಂದಕ್ಷರವೂ ತುಂಡಾಗದೆ ಪೂರ್ತಿ ಉಳಿದಿತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ, ಕಟ್ಟಲು ಬಂದ ಕಾಗದವನ್ನು ಓದಿದೆ.

‘ಮಾರುಕಟ್ಟೆ ಹಿಂದಿನ ಓಣಿ. ಸ್ಥಳ ನೋಡಿದೆ. ದೂರು ನಿಜ. ಹಳೆಯ ಪದರಗಳನ್ನು ಕೆರೆದು ತೆಗೆಯದೆ ಹೊಸದನ್ನು ಹಾಕಕೂಡದು. ಜಾಲರಿ ತೆರೆಸಿ. ಇದು ನಮ್ಮ ಹೊಣೆ, ಮನೆಯವರದಲ್ಲ.’ ಕೆಳಗೆ ಆಗಿನ ಎಂಜಿನಿಯರರ ಸಹಿ, ತಾರೀಖು. ಹನ್ನೊಂದು ವರ್ಷದ ಹಿಂದಿನದು. ನನ್ನ ಮೊದಲ ಅರ್ಜಿಗೆ ಉತ್ತರ.

ಅದನ್ನು ಕತ್ತರಿಸಿದ್ದು ನಾನು. ಆ ವರ್ಷ ನಿಮ್ಮ ಕಚೇರಿಗೆ ಹೊಸ ಉಕ್ಕಿನ ಕಪಾಟುಗಳು ಬಂದಿದ್ದವು. ದೂರು ಪುಸ್ತಕ ಅವುಗಳಲ್ಲಿ ಕೂರುತ್ತಿರಲಿಲ್ಲ. ಕಪಾಟು ಬದಲಿಸುವ ಬದಲು ಪುಸ್ತಕದ ಅಂಚು ಎರಡು ಬೆರಳು ತೆಗೆಯಿರಿ ಎಂದು ಹೇಳಿಕಳಿಸಿದಿರಿ. ಹಾಳೆ ಎಣಿಸುವಾಗ ಅಂಚಿನಲ್ಲಿ ಶಾಯಿ ಕಂಡು, ಕಟ್ಟು ತಂದುಕೊಟ್ಟ ಗುಮಾಸ್ತರನ್ನು ಕೇಳಿದ್ದೆ. “ಅಂಚಲ್ಲಿ ಏನೋ ಬರೆದ ಹಾಗಿದೆಯಲ್ಲ?” “ಅದೆಲ್ಲ ಒಳಗಿನ ಟಿಪ್ಪಣಿ, ಮುಖ್ಯದ್ದೇನಿಲ್ಲ, ಕತ್ತರಿಸಿ” ಎಂದರು. ಓದಿದ್ದರೆ ಗೊತ್ತಾಗುತ್ತಿತ್ತು. ಓದಲಿಲ್ಲ. ಅಪ್ಪನ ಕಟ್ಟಳೆ ಮುರಿಯದೆ ಯಂತ್ರದ ಹಿಡಿ ಒತ್ತಿದೆ. ಅಕ್ಕ ಆ ಪಟ್ಟಿಗೆ ಅಂಟು ಸವರಿ ಬೆನ್ನಿಗೆ ಹಚ್ಚಿದಳು. ನಮ್ಮನ್ನು ಕಾಪಾಡಬೇಕಿದ್ದ ಆದೇಶವನ್ನು ನಾವಿಬ್ಬರೇ ಸೇರಿ ಇಷ್ಟು ಅಚ್ಚುಕಟ್ಟಾಗಿ ಮುಚ್ಚಿಟ್ಟೆವು.

ಪಟ್ಟಿಯನ್ನು ಒಣಗಿಸಿ ನಿಮ್ಮ ಕಚೇರಿಗೆ ತಂದೆ. ಕಿಟಕಿಯಲ್ಲಿದ್ದ ಗುಮಾಸ್ತರು ಈಗಿನವರು, ಚಿಕ್ಕ ವಯಸ್ಸಿನವರು. ಎರಡು ಸಲ ಓದಿದರು.

“ಇದು ದಾಖಲೆ ಅಲ್ಲಮ್ಮ. ಕತ್ತರಿಸಿದ ಚೂರು” ಎಂದರು.

“ಕತ್ತರಿಸಿದ್ದು ನಾನೇ” ಎಂದೆ.

“ಅಯ್ಯೋ, ಹಾಗನ್ಬೇಡಿ. ಹಾಗಂದ್ರೆ ದಾಖಲೆ ನಾಶ ಮಾಡಿದ್ದು ನೀವೇ ಅಂತ ಆಗುತ್ತೆ.”

“ಸರಿ, ನಾನು ಕತ್ತರಿಸ್ಲಿಲ್ಲ ಅನ್ನಿ. ಆಗ ಇದು ದಾಖಲೆ ಆಗುತ್ತಾ?”

“ಆಗಲ್ಲ. ಪುಸ್ತಕದಲ್ಲಿ ಇಲ್ವಲ್ಲ.” ಅವರು ಪಟ್ಟಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು. ಆಮೇಲೆ ದನಿ ತಗ್ಗಿಸಿ, “ಇದನ್ನ ಜೋಪಾನವಾಗಿ ಇಟ್ಕೊಳ್ಳಿ. ಇಲ್ಲಿ ಕೊಟ್ರೆ ಕಳೆದುಹೋಗುತ್ತೆ” ಎಂದರು. ನಿಮ್ಮ ಕಚೇರಿಯಲ್ಲಿ ನನಗೆ ಸಿಕ್ಕ ಒಂದೇ ನಿಜವಾದ ಸಲಹೆ ಅದು. ದಯವಿಟ್ಟು ಅವರಿಗೆ ತೊಂದರೆ ಕೊಡಬೇಡಿ.

ಅರ್ಧ ತಪ್ಪು ನನ್ನದು. ನೀವು ಕೇಳುವ ಮೊದಲೇ ಇಲ್ಲಿ ಒಪ್ಪಿ ಬರೆಯುತ್ತಿದ್ದೇನೆ, ಈ ಸಲ ಅಂಚು ಬಿಟ್ಟು ಪುಟದ ಮಧ್ಯದಲ್ಲಿ. ಈಗ ಇನ್ನರ್ಧದ ಮಾತು. ಎಂಜಿನಿಯರರು ಬರೆದ ತಾರೀಖಿಗೂ ನೀವು ಹಾಳೆಗಳನ್ನು ಕಟ್ಟಲು ಕಳಿಸಿದ ತಾರೀಖಿಗೂ ನಡುವೆ ಐದು ತಿಂಗಳಿವೆ. ಆ ಐದು ತಿಂಗಳು ಆ ಮಾ‍ತು ಅಂಚಿನಲ್ಲೇ ಇತ್ತು, ಎಲ್ಲರ ಕಣ್ಣಿಗೂ ಬೀಳುವಂತೆ, ನೀಲಿ ಶಾಯಿಯಲ್ಲಿ. ಓದಬಾರದು ಎಂಬ ಕಟ್ಟಳೆ ನನಗಿತ್ತು. ನಿಮಗೇನಿತ್ತು? ನನ್ನ ಯಂತ್ರ ಕತ್ತರಿಸಿದ್ದು ಕಾಗದವನ್ನು. ಹೊಣೆಯೂ ಅದರ ಜೊತೆಗೆ ಕತ್ತರಿಸಿ ಬಿದ್ದುಹೋಯಿತೇ? ಒಬ್ಬ ಅಧಿಕಾರಿ ಬಂದು, ಸ್ಥಳ ನೋಡಿ, ಇದು ನಮ್ಮ ಹೊಣೆ ಎಂದು ಬರೆದ ಮೇಲೆ, ಆ ಬರಹ ಕಪಾಟಿಗೆ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಓಣಿಯ ನೀರು ನಮ್ಮ ಪಾಲಾಗುತ್ತದೆಯೇ? ಆಮೇಲೆ ಎರಡು ಪದರ ಹಾಕಿದಿರಿ. ಆಗ ಓಣಿಯನ್ನು ನೋಡಲು ಯಾವ ಪುಸ್ತಕ ಬೇಕಿತ್ತು? ನಮ್ಮ ಬಾಗಿಲಲ್ಲಿ ನಿಂತು ಕೆಳಗೆ ನೋಡಿದ್ದರೆ ಸಾಕಿತ್ತು.

ಅಕ್ಕ ದಿನವೂ ಸಂಜೆ ಫೋನು ಮಾಡುತ್ತಾಳೆ. ನಾಲ್ಕು ತಿಂಗಳಿಂದ ಅವಳದು ಒಂದೇ ಪ್ರಶ್ನೆ, “ಓಣಿ ಕೆಲಸ ಶುರು ಆಯ್ತಾ?” ನನ್ನದು ಒಂದೇ ಉತ್ತರ, “ಇನ್ನೂ ಇಲ್ಲ.” ಅವಳು “ಹೂಂ” ಎಂದು ಫೋನು ಇಡುತ್ತಿದ್ದಳು. ಆ ಹೂಂ ದಿನದಿಂದ ದಿನಕ್ಕೆ ಸಣ್ಣದಾಗುತ್ತಾ ಬಂತು. ಹೋದ ವಾರ ಅವಳು ಕೇಳಲೇ ಇಲ್ಲ. ಊಟ ಆಯ್ತಾ ಎಂದಳು, ಆಯ್ತು ಎಂದೆ, ಸರಿ ಇಡ್ತೀನಿ ಎಂದಳು. ಅವಳು ಕೇಳದೇ ಇದ್ದದ್ದು ನನ್ನಿಂದ ತಡೆಯಲಾಗಲಿಲ್ಲ. “ಓಣಿ ಕೆಲಸ ಶುರು ಆಗಿದೆ ಕಣೇ” ಎಂದುಬಿಟ್ಟೆ.

“ನಿಜವಾ?”

“ನಿಜ.”

“ಕೆರೀತಿದಾರಾ?”

“ಕೆರೀತಿದಾರೆ. ಎರಡು ಪದರ ತೆಗೆದಾಯ್ತು.”

ಅವಳು ನಕ್ಕಳು. ನಾಲ್ಕು ತಿಂಗಳಲ್ಲಿ ಮೊದಲ ಸಲ. ಫೋನನ್ನು ಹಾಗೇ ಹಿಡಿದುಕೊಂಡು, “ಲೋ, ಬಂದ್ಬಿಡೋ ಇಲ್ಲಿ, ಓಣಿ ಇಳಿಸ್ತಿದಾರಂತೆ, ನನ್ನ ಮನೆಗೆ ಬಿಟ್ಟು ಬಾ” ಎಂದು ತಮ್ಮನನ್ನು ಕೂಗಿದಳು. ಬರುವ ತಿಂಗಳು ಹನ್ನೆರಡಕ್ಕೆ ಬರುವುದೆಂದು ಅಲ್ಲೇ ನಿಶ್ಚಯವಾಯಿತು. ನನಗೆ ಚೌಕಟ್ಟು ಒರೆಸಿಡಲು ಹೇಳಿದಳು, ಮೇಣ ಹಚ್ಚಿದ ದಾರ ಎರಡು ಉಂಡೆ ತರಿಸಲು ಹೇಳಿದಳು. ನಾನು ಹೂಂ, ಹೂಂ ಎಂದೆ. ಅವಳಿಗೆ ನಾನು ಹೇಳಿದ ಮೊದಲ ಸುಳ್ಳು ಇದು. ಹೇಳುವುದು ಸ್ವಲ್ಪವೂ ಕಷ್ಟವಾಗಲಿಲ್ಲ. ಕುರ್ಚಿಯಲ್ಲಿ ಕೂತು, ಕೇಳುವವರ ಮುಖ ನೋಡದೆ, ಕ್ರಮ ಕೈಗೊಳ್ಳಲಾಗಿದೆ ಎಂದುಬಿಡುವುದು ಎಷ್ಟು ಸಲೀಸು ಎಂದು ಆಗ ಗೊತ್ತಾಯಿತು. ಇಷ್ಟು ವರ್ಷ ನಿಮ್ಮನ್ನು ಕಲ್ಲೆದೆಯವರು ಅಂದುಕೊಂಡಿದ್ದೆ. ಹಾಗೇನಿಲ್ಲ, ನಿಮಗೂ ನನ್ನ ಹಾಗೆ ಜೋಮು ಹಿಡಿದಿರಬೇಕು.

ಬೇಡಿಕೆ ದೊಡ್ಡದಲ್ಲ. ಮೂರನೇ ತಾರೀಖಿಗೆ ನಿಮ್ಮ ಆಳುಗಳು ಹೇಗೂ ಓಣಿಗೆ ಬರುತ್ತಾರೆ, ಯಂತ್ರಗಳು ಬರುತ್ತವೆ. ಹಾಕುವ ಮೊದಲು ತೆಗೆಯಲು ಹೇಳಿ. ನಾಲ್ಕು ಪದರ ಕೆರೆಯಲಿ, ಜಾಲರಿ ತೆರೆಯಲಿ, ಆಮೇಲೆ ಬೇಕಿದ್ದರೆ ಒಂದು ಪದರ ಹಾಕಿಕೊಳ್ಳಲಿ. ಹನ್ನೊಂದು ವರ್ಷದ ಹಿಂದೆ ನಿಮ್ಮ ಕಚೇರಿಯೇ ಬರೆದ ಮಾತನ್ನು ನಿಮ್ಮ ಕಚೇರಿಯೇ ಪಾಲಿಸಲಿ. ನಾನು ಹೇಳಿದ ಸುಳ್ಳನ್ನು ನಿಜ ಮಾಡಿ, ಅಷ್ಟೇ ನಾನು ಕೇಳುವುದು.

ಅದು ಸಾಧ್ಯವಿಲ್ಲ ಎಂದಾದರೆ, ಹನ್ನೆರಡನೇ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ ನೀವೇ ಓಣಿಯ ಬಾಯಿಗೆ ಬನ್ನಿ. ತಮ್ಮನ ಕಾರು ಅಲ್ಲಿಯವರೆಗೆ ಮಾತ್ರ ಬರುತ್ತದೆ. ಅಕ್ಕ ಇಳಿದು ಕೈ ಚಾಚುತ್ತಾಳೆ. ಆ ಕೈ ಹಿಡಿದು ಮನೆಯವರೆಗೆ ನಡೆಸಿಕೊಂಡು ಬರುವುದು ನೀವು, ನಾನಲ್ಲ. ದಾರಿಯಲ್ಲಿ ಅವಳು ಓಣಿ ಎಷ್ಟು ಇಳಿದಿದೆ ಎಂದು ಕೇಳುತ್ತಾಳೆ. ಉತ್ತರ ನೀವು ಹೇಳಿ.

ಇಂತಿ,
ಹನ್ನೆರಡರಂದು ಬಾಗಿಲು ತೆರೆದಿಟ್ಟು, ಹೊರಗೆ ಬರಲಾರದೆ ಒಳಗೇ ನಿಂತಿರುವ
ತಂಗಿ